ಸಾರಮೇಯ

ಸಂಸ್ಕೃತದಲ್ಲಿ ನಾಯಿಗೆ ಇರುವ ಹೆಸರುಗಳು ಅನೇಕ. ಶ್ವಾನ, ಶುನಕ, ಕುಕ್ಕುರ ಎಂಬುವು ಕನ್ನಡಿಗರಿಗೆ ಪರಿಚಿತವಾದುವೇ. ಇವುಗಳಲ್ಲದೆ ಕೋಶಗಳಲ್ಲಿ ಇನ್ನೆರಡು ಹೆಸರುಗಳುಂಟು. ಅವು ಸ್ವಲ್ಪ ವಿಚಾರಮಾಡತಕ್ಕವು. ಒಂದು ಕೌಲೇಯಕ, ಇನ್ನೊಂದು ಸಾರಮೇಯ. ‘ಕುಲ’ ಎಂಬ ಶಬ್ದದಿಂದ ಕೌಲೇಯಕ ಎಂಬ ರೂಪವು ನಾಯಿಯೆಂಬ ಅರ್ಥದಲ್ಲಿ ಸಿದ್ಧಿಸುವುದೆಂದು ಪಾಣಿನಿಯು ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಸೂತ್ರವನ್ನೇ ರಚಿಸಿದ್ದಾನೆ. ಸಾರಮೇಯವೆಂದರೆ ಸರಮೆಯ ಮಗ. ಸರಮೆಯು ದೇವಲೋಕದ ಹೆಣ್ಣುನಾಯಿ. ಪಣಿಗಳು ಬಚ್ಚಿಟ್ಟಿದ್ದ ಗೋವುಗಳನ್ನು ಇಂದ್ರನಿಗಾಗಿ ಹುಡುಕಿದವಳು. ಹೀಗೆ ಒಂದು ಹೆಸರು ಕುಲದಿಂದ ಬಂದಿತು, ಮತ್ತೊಂದು ತಾಯಿಯಿಂದ ಬಂದಿತು.

ಮನೆಗೆ ನಾಯಿಮರಿಯನ್ನು ತರಹೊರಟವರು ಸಾಮಾನ್ಯವಾಗಿ ಮೊದಲನೆಯದನ್ನು ಮಾತ್ರ ವಿಚಾರಿಸುವರು. ‘ಇದು ಯಾವ ತಳಿ? ಶುದ್ಧವಾದುದೇ? ಕಾಗದ ಉಂಟೇ?’ ಎಂಬುದೇ ಅವರ ಪ್ರಶ್ನೆ. ‘ಇದರ ತಾಯಿ ಎಲ್ಲಿದೆ? ಹೇಗಿದೆ?’ ಎಂದು ಕೇಳುವವರು ವಿರಳ. ಇಂದಿನ ಸಣ್ಣ ತಳಿಯ ನಾಯಿಗಳು ಅನುಭವಿಸುತ್ತಿರುವ ಸಂಕಟದ ಬಹುಭಾಗವು ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಬಿಟ್ಟುದರ ಫಲವೆಂದರೆ ಅತಿಶಯೋಕ್ತಿಯಾಗಲಾರದು.

ಮಹಾಭಾರತದ ಆದಿಪರ್ವದಲ್ಲಿ ಸರಮೆಯ ಪ್ರಸಂಗವೊಂದು ಬರುತ್ತದೆ. ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರಯಾಗವನ್ನು ನಡೆಸುತ್ತಿದ್ದಾಗ ಸರಮೆಯ ಮರಿಯೊಂದು ಅಲ್ಲಿಗೆ ಬಂದಿತು. ರಾಜನ ತಮ್ಮಂದಿರು ಅದನ್ನು ಹೊಡೆದು ಓಡಿಸಿದರು. ಮರಿಯು ಅಳುತ್ತ ತಾಯಿಯ ಬಳಿಗೆ ಹೋಯಿತು. ‘ಹವಿಸ್ಸನ್ನು ನೆಕ್ಕಿದೆಯಾ?’ ಎಂದು ತಾಯಿ ಕೇಳಿದಳು. ನೆಕ್ಕಿರಲಿಲ್ಲ, ಕಣ್ಣೆತ್ತಿಯೂ ನೋಡಿರಲಿಲ್ಲ. ಸರಮೆಯು ಯಾಗಶಾಲೆಗೆ ನಡೆದುಬಂದು, ತಪ್ಪಿಲ್ಲದ ಮಗುವನ್ನು ಏಕೆ ಹೊಡೆದಿರೆಂದು ಪ್ರಶ್ನಿಸಿದಳು. ಯಾರೂ ಉತ್ತರ ಕೊಡಲಿಲ್ಲ. ಆಗ ಅವಳು, ಕಾಣದ ಕಡೆಯಿಂದ ಭಯವು ನಿಮಗೆ ಬರಲೆಂದು ಶಪಿಸಿ ಹೊರಟುಹೋದಳು. ರಾಜನು ಹೆದರಿ, ಆ ಶಾಪವನ್ನು ಶಮನಮಾಡಬಲ್ಲ ಪುರೋಹಿತನನ್ನು ಹುಡುಕಿಕೊಂಡು ಅಲೆಯಬೇಕಾಯಿತು. ಭಾರತದ ಮಹಾಕಥೆಯ ಹೊಸ್ತಿಲಲ್ಲಿಯೇ ಒಂದು ನಾಯಿಮರಿಯ ಅಳುವನ್ನು ಇಟ್ಟಿರುವುದು ಸಾಮಾನ್ಯ ಸಂಗತಿಯಲ್ಲ. ತಪ್ಪು ಮಾಡದೆ ಶಿಕ್ಷೆಯನ್ನುಂಡ ಪ್ರಾಣಿಯ ಪರವಾಗಿ ಅದರ ತಾಯಿ ಬಂದು ಕೇಳಿದಾಗ ಚಕ್ರವರ್ತಿಯಾದರೂ ಉತ್ತರ ಹೇಳಬೇಕೆಂಬುದೇ ಅದರ ತಾತ್ಪರ್ಯ.

ಕುಲವನ್ನು ನೋಡುವುದೇ ದೋಷವೆಂದು ಇದರಿಂದ ತಿಳಿಯಬಾರದು. ಕನ್ನಡನಾಡಿನಲ್ಲಿ ಪ್ರಾಣಿಗಳ ಕುಲವನ್ನು ಪೂರ್ವಿಕರು ಚೆನ್ನಾಗಿಯೇ ನೋಡುತ್ತಿದ್ದರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಇದಕ್ಕೆ ಸಾಕ್ಷಿ. ಸುಮಾರು ೯೪೯–೫೦ರ ಆ ಶಾಸನದಲ್ಲಿ, ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಮೆಚ್ಚಿ ಏನು ಬೇಕೆಂದು ಕೇಳಲು, ಅವನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನೆಂದಿದೆ. ಮುಂದೆ ಆ ಕಾಳಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತುವು. ಅದರ ನೆನಪಿಗಾಗಿ ಕಲ್ಲು ನೆಟ್ಟು ಭೂಮಿಯನ್ನೂ ಬಿಟ್ಟರು. ಮುಧೋಳದ ಬೇಟೆನಾಯಿಗಳ ಕೀರ್ತಿಯೂ ಈ ಬಗೆಯದೇ. ಇಂಥ ಕಡೆಗಳಲ್ಲಿ ಕುಲವೆಂದರೆ ಓಟ, ಉಸಿರು, ಧೈರ್ಯ, ನಿಷ್ಠೆ. ಓಡಲಾರದ ನಾಯಿಯನ್ನು ಬೇಟೆಗಾರನು ಸಾಕುತ್ತಿರಲಿಲ್ಲ. ಉಸಿರುಗಟ್ಟುವ ನಾಯಿಯ ಮರಿಗಳನ್ನು ಯಾರೂ ಬೇಡುತ್ತಿರಲಿಲ್ಲ. ಕೆಲಸವೇ ಕುಲದ ಒರೆಗಲ್ಲಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಈ ಒರೆಗಲ್ಲು ಬದಲಾಯಿತು. ೧೮೫೯ರಲ್ಲಿ ನ್ಯೂಕಾಸಲ್ ಪಟ್ಟಣದಲ್ಲಿ ನಾಯಿಗಳ ಪ್ರದರ್ಶನವು ಏರ್ಪಟ್ಟಿತು. ೧೮೭೩ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಎಂಬ ಸಂಘವು ಸ್ಥಾಪನೆಯಾಗಿ ವಂಶಾವಳಿಗಳನ್ನು ದಾಖಲೆಮಾಡತೊಡಗಿತು. ದಾಖಲೆ ಇಡುವುದು ಒಳ್ಳೆಯದೇ. ಆದರೆ ಪ್ರದರ್ಶನದಲ್ಲಿ ಬಹುಮಾನವು ಸಲ್ಲುತ್ತಿದ್ದುದು ನೋಟಕ್ಕೆ. ಕಿವಿ ಹೀಗಿರಬೇಕು, ಬಾಲ ಹೀಗೆ ಸುತ್ತಿಕೊಂಡಿರಬೇಕು, ಮುಖ ಇಷ್ಟು ಚಪ್ಪಟೆಯಾಗಿರಬೇಕು ಎಂಬ ನಿಯಮಗಳೇ ಮುಖ್ಯವಾದುವು. ಬಹುಮಾನ ಪಡೆದ ಒಂದು ಗಂಡಿಗೆ ನೂರಾರು ಮರಿಗಳು. ಆ ಮರಿಗಳಲ್ಲಿ ಒಳ್ಳೆಯ ರೂಪವುಳ್ಳವುಗಳನ್ನು ಮತ್ತೆ ತಂದೆಯೊಡನೆಯೋ ಒಡಹುಟ್ಟಿದವುಗಳೊಡನೆಯೋ ಕೂಡಿಸುವುದು ವಾಡಿಕೆಯಾಯಿತು. ಸಗೋತ್ರ ಸಪಿಂಡ ವಿವಾಹಗಳನ್ನು ನಿಷೇಧಿಸಿದ ಸ್ಮೃತಿಕಾರರು ಈ ಪದ್ಧತಿಯನ್ನು ಕಂಡಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಹತ್ತಿರದ ರಕ್ತವು ಮೇಲಿಂದಮೇಲೆ ಕೂಡಿದರೆ ಅಡಗಿರುವ ದೋಷಗಳು ಎರಡು ಕಡೆಯಿಂದಲೂ ಸೇರಿ ಹೊರಬೀಳುತ್ತವೆ. ಇಂಗ್ಲೆಂಡಿನಲ್ಲಿ ೨೦೦೮ರಲ್ಲಿ ಈ ವಿಷಯವಾಗಿ ಒಂದು ಸಾಕ್ಷ್ಯಚಿತ್ರವು ಪ್ರಸಾರವಾಗಿ ದೊಡ್ಡ ಗುಲ್ಲೆದ್ದಿತು. ಆಮೇಲೆ, ೨೦೦೯ರಲ್ಲಿ, ತಂದೆ-ಮಗಳು, ತಾಯಿ-ಮಗ, ಅಣ್ಣ-ತಂಗಿ ಇವುಗಳ ಸಂಯೋಗದಿಂದ ಹುಟ್ಟಿದ ಮರಿಗಳನ್ನು ದಾಖಲೆ ಮಾಡಿಕೊಳ್ಳುವುದಿಲ್ಲವೆಂದು ಆ ಸಂಘವೇ ನಿರ್ಧರಿಸಿತು.

ನೋಟದ ಈ ಆಸೆಯಿಂದ ಏನಾಯಿತೆಂಬುದನ್ನು ಪಗ್ ಎಂಬ ಸಣ್ಣ ತಳಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಇದು ಚೀಣಾ ದೇಶದಿಂದ ಯೂರೋಪಿಗೆ ಹೋದ ತಳಿ. ಆಂಗ್ಲ ಚಿತ್ರಕಾರನಾದ ವಿಲಿಯಂ ಹೋಗಾರ್ತ್ ೧೭೪೫ರಲ್ಲಿ ತನ್ನ ಚಿತ್ರವನ್ನು ತಾನೇ ಬರೆದುಕೊಂಡಾಗ ತನ್ನ ಪ್ರೀತಿಯ ಪಗ್ ನಾಯಿಯನ್ನೂ ಎದುರಿಗೆ ಕೂರಿಸಿ ಬರೆದನು. ಆ ಚಿತ್ರವು ಈಗಲೂ ಲಂಡನ್ನಿನ ಟೇಟ್ ಚಿತ್ರಶಾಲೆಯ ಸಂಗ್ರಹದಲ್ಲಿದೆ. ಅದರಲ್ಲಿರುವ ನಾಯಿಗೆ ಮೂತಿ ಉಂಟು. ಇಂದಿನ ಪಗ್‌ಗೆ ಅಷ್ಟು ಮೂತಿಯಿಲ್ಲ. ಎಲುಬು ಮೋಟಾಯಿತು, ಆದರೆ ಅದರೊಳಗಿನ ನಾಲಗೆ, ತಾಲು, ಮಾಂಸಗಳು ಆ ಪ್ರಮಾಣದಲ್ಲಿ ಕುಗ್ಗಲಿಲ್ಲ. ಹತ್ತು ಮಂದಿಯ ಸಾಮಾನನ್ನು ಒಂದು ಕೋಣೆಯಲ್ಲಿ ತುರುಕಿದ ಹಾಗೆ ಅವೆಲ್ಲವೂ ಗಂಟಲಿನ ದಾರಿಯಲ್ಲಿ ತುಂಬಿಕೊಂಡುವು. ಮೂಗಿನ ಹೊಳ್ಳೆಗಳು ಸೀಳಿನಂತಾದುವು. ಆ ಪ್ರಾಣಿಯು ಒಂದೊಂದು ಉಸಿರನ್ನೂ ಪ್ರಯತ್ನದಿಂದ ಎಳೆದುಕೊಳ್ಳಬೇಕು. ಅದರ ಗೊರಕೆಯನ್ನು ಕೇಳಿ ಮನೆಯವರು ಮುದ್ದೆಂದು ನಗುವರು. ಅದು ಮುದ್ದಲ್ಲ, ಅಡಚಣೆ. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆಯನ್ನು ಚಾಚಿ ಏದುವುದರಿಂದಲೇ ಅದು ಮೈಯ ಬಿಸಿಯನ್ನು ಕಳೆದುಕೊಳ್ಳಬೇಕು. ಏದುವ ದಾರಿಯೇ ಕಟ್ಟಿಹೋಗಿದ್ದರೆ ಬೇಸಗೆಯಲ್ಲಿ ಅದರ ಗತಿಯೇನು? ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನ ವಿದ್ವಾಂಸರು ೨೦೨೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಶ್ವಾಸದ ರೋಗವು ಇತರ ನಾಯಿಗಳಿಗಿಂತ ಪಗ್‌ಗಳಲ್ಲಿ ಸುಮಾರು ೫೪ ಪಟ್ಟು ಹೆಚ್ಚು ಸಂಭವನೀಯವೆಂದು ತೋರಿಸಿ, ಆರೋಗ್ಯದ ದೃಷ್ಟಿಯಿಂದ ಇದನ್ನು ಸಾಮಾನ್ಯ ನಾಯಿಯೆಂದು ಎಣಿಸಲಾಗದೆಂದು ಹೇಳಿದರು.

ಇದರಿಂದ ಸಣ್ಣ ನಾಯಿಯೆಂಬುದೇ ರೋಗಿಷ್ಠ ನಾಯಿಯೆಂದು ತೀರ್ಮಾನಿಸುವುದು ಅನ್ಯಾಯ. ಸಣ್ಣತನವು ದೋಷವಲ್ಲ. ನಾಯಿಯ ಗಾತ್ರದಲ್ಲಿ ಬಹುಮುಖ್ಯ ಪಾತ್ರ ವಹಿಸುವ ಒಂದು ಜೀನನ್ನು ವಿಜ್ಞಾನಿಗಳು ೨೦೦೭ರಲ್ಲಿ ಗುರುತಿಸಿದರು. ಗಾತ್ರವನ್ನು ಚಿಕ್ಕದು ಮಾಡುವ ಅದರ ಭೇದವು ಸುಮಾರು ೫೪,೦೦೦ ವರ್ಷಗಳ ಹಿಂದಿನ ತೋಳದ ಅವಶೇಷದಲ್ಲಿಯೂ ಇತ್ತೆಂದು ೨೦೨೨ರಲ್ಲಿ ತಿಳಿದುಬಂದಿತು. ಎಂದರೆ ಸಣ್ಣತನದ ಬೀಜವು ಮನುಷ್ಯನು ಸೃಷ್ಟಿಸಿದುದಲ್ಲ; ಪ್ರಕೃತಿಯಲ್ಲಿಯೇ ಇದ್ದುದು. ಸಾಮಾನ್ಯವಾಗಿ ಸಣ್ಣ ನಾಯಿಗಳು ಭಾರಿ ನಾಯಿಗಳಿಗಿಂತ ಹೆಚ್ಚು ಕಾಲ ಬದುಕುತ್ತವೆ. ಚಿಕ್ಕ ಮನೆಗೆ, ವಯಸ್ಸಾದವರಿಗೆ ಒಪ್ಪುತ್ತವೆ. ದೋಷವು ಇರುವುದು ಅತಿಯಲ್ಲಿ. ಮೂತಿ ಮೋಟಾಗಿದ್ದರೆ ಮುದ್ದು, ಇನ್ನೂ ಮೋಟಾಗಿದ್ದರೆ ಇನ್ನೂ ಮುದ್ದು. ನಾಯಿ ಚಿಕ್ಕದಾದರೆ ಚೆಂದ, ಚಹಾದ ಬಟ್ಟಲಿನಲ್ಲಿ ಕೂರುವಷ್ಟು ಚಿಕ್ಕದಾದರೆ ಇನ್ನೂ ಚೆಂದ ಎಂಬ ಆಸೆಗೆ ಕೊನೆಯಿಲ್ಲ. ‘ಟೀಕಪ್’ ಎಂಬುದು ಒಂದು ತಳಿಯೇ ಅಲ್ಲ. ಅಳತೆಮೀರಿ ಕುಗ್ಗಿದ ಮರಿಗಳಿಗೆ ಮಾರುವವರು ಇಟ್ಟ ಹೆಸರು. ಅಂಥ ಮರಿಗೆ ಒಂದು ಹೊತ್ತು ಆಹಾರ ತಪ್ಪಿದರೆ ರಕ್ತದ ಸಕ್ಕರೆ ಇಳಿದು ಕುಸಿಯಬಹುದು. ನೆತ್ತಿಯ ಎಲುಬು ಕೂಡದೆ ಇರಬಹುದು. ಕುರ್ಚಿಯಿಂದ ಹಾರಿದರೆ ಕಾಲು ಮುರಿಯಬಹುದು. ಅತಿ ಸರ್ವತ್ರ ವರ್ಜಯೇತ್ ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಈ ವಿಷಯವು ನ್ಯಾಯಸ್ಥಾನದ ಮೆಟ್ಟಿಲನ್ನೂ ಹತ್ತಿತು. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಎಂಬ ಸಣ್ಣ ನಾಯಿ ಬಹಳ ಸೌಮ್ಯವಾದುದು, ಮಕ್ಕಳಿಗೆ ಪ್ರಿಯವಾದುದು. ಆದರೆ ಆ ತಳಿಯಲ್ಲಿ ಹೃದಯದ ಕವಾಟವು ಬೇಗನೆ ಸವೆಯುವ ರೋಗವು ವ್ಯಾಪಕವಾಗಿದೆ. ಮೆದುಳಿಗೆ ತಲೆಬುರುಡೆಯು ಸಾಲದೆ ಬೆನ್ನುಹುರಿಯಲ್ಲಿ ನೀರು ಕಟ್ಟಿ ಅತಿಯಾದ ನೋವನ್ನು ಕೊಡುವ ಇನ್ನೊಂದು ರೋಗವೂ ಉಂಟು. ನಾರ್ವೆ ದೇಶದ ಪ್ರಾಣಿರಕ್ಷಣಾ ಸಂಘವು, ಇಂಥ ತಳಿಯನ್ನು ಹೀಗೆಯೇ ಬೆಳೆಸುತ್ತ ಹೋಗುವುದು ಪ್ರಾಣಿಕಲ್ಯಾಣದ ಕಾನೂನಿಗೆ ವಿರುದ್ಧವೆಂದು ದಾವೆ ಹೂಡಿತು. ೨೦೨೨ರ ಜನವರಿಯಲ್ಲಿ ಓಸ್ಲೋ ನಗರದ ನ್ಯಾಯಾಲಯವು ಆ ವಾದವನ್ನು ಒಪ್ಪಿತು. ೨೦೨೩ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ಕ್ಯಾವಲಿಯರ್ ನಾಯಿಗಳ ವಿಷಯದಲ್ಲಿ ಅದನ್ನೇ ಎತ್ತಿಹಿಡಿಯಿತು. ಬೇರೆ ತಳಿಯ ರಕ್ತವನ್ನು ಶಾಸ್ತ್ರೀಯವಾಗಿ ಬೆರಸಿ ದೋಷವನ್ನು ತಗ್ಗಿಸುವ ಮಾರ್ಗವೊಂದು ಮಾತ್ರ ತೆರೆದುಳಿಯಿತು. ನೆದರ್ಲೆಂಡ್ಸ್ ದೇಶದಲ್ಲಿ ೨೦೧೯ರಲ್ಲಿಯೇ ಮೋಟು ಮೂತಿಯ ನಾಯಿಗಳಿಂದ ಮರಿ ಪಡೆಯುವುದಕ್ಕೆ ಮೂತಿಯ ಅಳತೆಯನ್ನು ಗೊತ್ತುಮಾಡಿದರು. ಜನಮೇಜಯನ ಸಭೆಯಲ್ಲಿ ಉತ್ತರ ಸಿಕ್ಕದ ಸರಮೆಗೆ ಇಷ್ಟು ಕಾಲದ ಮೇಲೆ ಬೇರೊಂದು ಸಭೆಯಲ್ಲಿ ಉತ್ತರ ಸಿಕ್ಕಿತೆನ್ನಬಹುದು.

ಭಾರತದಲ್ಲಿ ಪಗ್ ನಾಯಿಯು ಮನೆಮಾತಾದುದು ೨೦೦೩ರ ಸುಮಾರಿಗೆ. ಒಂದು ದೂರವಾಣಿ ಸಂಸ್ಥೆಯ ಜಾಹೀರಾತಿನಲ್ಲಿ ಹುಡುಗನೊಬ್ಬನು ಹೋದಲ್ಲೆಲ್ಲ ಅವನ ಹಿಂದೆಯೇ ನಡೆಯುವ ಪಗ್ ನಾಯಿಯನ್ನು ದೇಶವೆಲ್ಲ ಕಂಡಿತು. ಅಂಥದೊಂದು ತಮ್ಮ ಮನೆಯಲ್ಲಿಯೂ ಇರಬೇಕೆಂದು ಮಕ್ಕಳು ಹಟ ಹಿಡಿದರು. ಆಸೆಯಿದ್ದ ಕಡೆ ಅಂಗಡಿಯೂ ಹುಟ್ಟುವುದು ಲೋಕನಿಯಮ. ಕರ್ಣಾಟಕದ ಪಟ್ಟಣಗಳಲ್ಲಿಯೂ ಮರಿಗಳನ್ನು ಮಾರುವವರು ಹೆಚ್ಚಿದರು.

ಇಂಥ ಒಂದು ಜಿಲ್ಲಾ ಪಟ್ಟಣದಲ್ಲಿ ವಿಶ್ರಾಂತ ಶಿರಸ್ತೇದಾರರೊಬ್ಬರು ಇದ್ದಾರೆ. ಅವರ ಬೀದಿಯ ಕೊನೆಯ ಮನೆಯಲ್ಲಿ ಪಗ್ ನಾಯಿಯೊಂದಿತ್ತು. ಬೀದಿಯ ಮಕ್ಕಳೆಲ್ಲರಿಗೂ ಅದು ಅಚ್ಚುಮೆಚ್ಚು. ಒಂದು ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಮನೆಯವರು ಅದನ್ನು ಹಿತ್ತಿಲಿನ ತಗಡಿನ ಮಾಡಿನ ಕೆಳಗೆ ಕಟ್ಟಿ ಮದುವೆಯ ಊಟಕ್ಕೆ ಹೋಗಿದ್ದರು. ನೆರಳಿತ್ತು, ಬೋಗುಣಿಯಲ್ಲಿ ನೀರಿತ್ತು. ಎರಡು ಗಂಟೆಯ ಮೇಲೆ ಬಂದು ನೋಡುವಲ್ಲಿ ನಾಯಿ ಸತ್ತಿತ್ತು. ಬೀದಿಯ ನಾಯಿಗಳು ಅದೇ ಧಗೆಯಲ್ಲಿ ಚರಂಡಿಯ ಬದಿಗೆ ಮಲಗಿದ್ದು ಸಂಜೆಗೆ ಎದ್ದು ಮೈ ಕೊಡವಿ ಹೋದುವು. ಆ ಮನೆಯವರು ನಿರ್ದಯರಲ್ಲ. ಆ ಹೆಂಗಸು ಮೂರು ದಿನ ಊಟ ಬಿಟ್ಟಳು. ಬೇರೆ ನಾಯಿಗೆ ಸಾಕಾಗುತ್ತಿದ್ದ ನೆರಳೂ ನೀರೂ ಅದಕ್ಕೆ ಸಾಲದೆ ಹೋದುವು, ಅಷ್ಟೆ. ಎಲ್ಲಿಯೋ, ಯಾರೋ, ಉಸಿರಾಡಲಾರದ ತಂದೆಯನ್ನೂ ಉಸಿರಾಡಲಾರದ ತಾಯಿಯನ್ನೂ ಕೂಡಿಸಿದ ದಿನವೇ ಆ ಏಪ್ರಿಲ್ ಮಧ್ಯಾಹ್ನವು ನಿಶ್ಚಯವಾಗಿತ್ತು.

ಶಿರಸ್ತೇದಾರರ ಹತ್ತು ವರ್ಷದ ಮೊಮ್ಮಗಳು ಆ ನಾಯಿಗಾಗಿ ಅತ್ತಳು. ಅತ್ತು ಮುಗಿದ ಮೇಲೆ ಅಂಥದೇ ಒಂದು ಮರಿ ಬೇಕೆಂದಳು. ಅಜ್ಜನಿಗೆ ಮೊಮ್ಮಗಳ ಮಾತು ವೇದವಾಕ್ಯ. ಅವರು ಹೆಂಡತಿಯನ್ನೂ ಮಗುವನ್ನೂ ಕರೆದುಕೊಂಡು ಪೇಟೆಯ ಅಂಗಡಿಯೊಂದಕ್ಕೆ ಹೋದರು. ಗಾಜಿನ ಪೆಟ್ಟಿಗೆಯಲ್ಲಿ ಮೂರು ಮರಿಗಳು ಒಂದರ ಮೇಲೊಂದು ಬಿದ್ದು ಮಲಗಿದ್ದುವು. ಮಾರುವವನು ವಂಶಾವಳಿಯ ಕಾಗದವನ್ನು ಮುಂದಿಟ್ಟನು. ಮೂವತ್ತು ವರ್ಷ ಕಾಗದಗಳನ್ನೇ ಓದಿದ ಶಿರಸ್ತೇದಾರರು ಕನ್ನಡಕವನ್ನು ಏರಿಸಿ, ಮುದ್ರೆ ಸಹಿಗಳನ್ನು ನೋಡಿ, ತೃಪ್ತರಾಗಿ ತಲೆದೂಗಿದರು. ಅವರ ಹೆಂಡತಿ ಹಳ್ಳಿಯಲ್ಲಿ ದನಕರುಗಳ ನಡುವೆ ಬೆಳೆದವರು. ಆಕೆ ಕಾಗದವನ್ನು ಮುಟ್ಟಲಿಲ್ಲ.

“ಇವುಗಳ ತಾಯಿ ಎಲ್ಲಪ್ಪಾ?” ಎಂದರು.

“ತಾಯಿ ತೋಟದಲ್ಲಿದೆ ಅಮ್ಮಾ. ದೂರ.”

“ಎಷ್ಟು ದಿನದ ಮರಿಗಳು?”

“ನಲವತ್ತು ದಿನ ಆಗಿರಬೇಕಮ್ಮಾ.”

“ತೋಟಕ್ಕೆ ಹೋಗಿ ತಾಯಿಯನ್ನು ನೋಡಬಹುದೋ?”

“ಅದೆಲ್ಲ ಆಗೋಲ್ಲಮ್ಮಾ. ಮರಿ ಚೆನ್ನಾಗಿದೆಯಲ್ಲ, ತಾಯಿ ಕಟ್ಟಿಕೊಂಡು ನಿಮಗೇನು? ಕಾಗದ ಸರಿಯಾಗಿದೆ, ಸ್ವಾಮಿಯವರೇ ನೋಡಿದರಲ್ಲ.”

ಆಕೆ ಗಂಡನ ಕಡೆ ತಿರುಗಿ, “ಏನೂಂದ್ರೆ, ನಮ್ಮಪ್ಪ ಕರು ಕೊಳ್ಳುವುದಕ್ಕೆ ಹೋದರೆ ಕರುವನ್ನು ಆಮೇಲೆ ನೋಡುತ್ತಿದ್ದರು, ಮೊದಲು ಅದರ ತಾಯಿಯ ಕೆಚ್ಚಲು ನೋಡುತ್ತಿದ್ದರು. ಬನ್ನಿ, ಹೋಗೋಣ,” ಎಂದರು. ಮಗು ಅಳುತ್ತಲೇ ಹಿಂದೆ ಬಂದಳು. ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ಮದುವೆಯ ಮಾತುಕತೆಯಲ್ಲಿ ಉದಾಹರಿಸುವ ಜನರು ನಾಯಿಮರಿಯ ಅಂಗಡಿಯಲ್ಲಿ ಅದನ್ನು ಮರೆತುಬಿಡುವುದು ಆಶ್ಚರ್ಯ. ಆ ಕಾಗದದಲ್ಲಿ ತಾಯಿಯ ಹೆಸರಿತ್ತು. ತಾಯಿಯ ಉಸಿರು ಹೇಗಿತ್ತೆಂಬುದು ಇರಲಿಲ್ಲ. ವಂಶಾವಳಿಯ ಪತ್ರವು ಹುಟ್ಟಿನ ದಾಖಲೆಯೇ ಹೊರತು ಆರೋಗ್ಯದ ದಾಖಲೆಯಲ್ಲ.

ಎರಡು ತಿಂಗಳ ತರುವಾಯ ಅವರಿಗೆ ಒಬ್ಬ ಉಪಾಧ್ಯಾಯಿನಿಯ ಮನೆಯ ವಿಳಾಸ ತಿಳಿಯಿತು. ಆಕೆಯ ಮನೆಯಲ್ಲಿ ಬಿಳಿಯ ಸ್ಪಿಟ್ಸ್ ನಾಯಿಯೊಂದು ಮರಿ ಹಾಕಿತ್ತು. ಕನ್ನಡನಾಡಿನಲ್ಲಿ ಜನರು ಪೊಮೆರೇನಿಯನ್ ಎಂದು ಕರೆಯುವ ನಾಯಿಗಳಲ್ಲಿ ಅನೇಕವು ನಿಜವಾಗಿ ಈ ಇಂಡಿಯನ್ ಸ್ಪಿಟ್ಸ್. ಈ ದೇಶದ ಹವೆಗೆ ಒಗ್ಗಿಕೊಂಡ, ಮೂತಿ ಉದ್ದವಾಗಿರುವ ತಳಿ. ತಾಯಿನಾಯಿಯು ಬಾಗಿಲಿಗೆ ಬಂದು ಬೊಗಳಿತು. ಒಡತಿ ಸುಮ್ಮನಿರೆಂದೊಡನೆ ಬಂದವರ ಕೈಯನ್ನು ಮೂಸಿ ಬಾಲ ಅಲ್ಲಾಡಿಸಿತು. ಓಡಾಡುವಾಗ ಕುಂಟಲಿಲ್ಲ, ಏದಲಿಲ್ಲ. ಮರಿಗಳು ಗೂಡಿನಲ್ಲಿರದೆ ಅಡುಗೆಮನೆಯ ಬಾಗಿಲಲ್ಲಿ, ಪಾತ್ರೆಯ ಸದ್ದಿನ ನಡುವೆ, ಮಕ್ಕಳ ಕಾಲಡಿಯಲ್ಲಿ ಬೆಳೆಯುತ್ತಿದ್ದುವು.

ಅಲ್ಲಿ ಪ್ರಶ್ನೆ ಕೇಳಿದವರು ಕೊಳ್ಳಬಂದವರಲ್ಲ, ಕೊಡುವವರು. “ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತೀರಿ? ಮಹಡಿಯ ಮೆಟ್ಟಿಲು ಎಷ್ಟು? ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಮಗು ದೊಡ್ಡವಳಾಗಿ ಓದುವುದಕ್ಕೆ ಹೋದಮೇಲೆ?” ಎಂದು ಉಪಾಧ್ಯಾಯಿನಿ ಒಂದೊಂದಾಗಿ ಕೇಳಿದರು. ಹೆಣ್ಣು ಕೊಡುವವರು ಗಂಡಿನ ಮನೆಯನ್ನು ವಿಚಾರಿಸುವಂತೆ ಇತ್ತು ಆ ವಿಚಾರಣೆ. ಶಿರಸ್ತೇದಾರರಿಗೆ ಮೊದಲು ಸ್ವಲ್ಪ ಕೋಪವೇ ಬಂದಿತು. ಕೊನೆಗೆ ಆಕೆ, “ಇವಕ್ಕೆ ಈಗ ಐದು ವಾರ. ಇನ್ನೂ ಮೂರು ವಾರ ತಾಯಿಯ ಹತ್ತಿರ ಇರಬೇಕು. ಆಮೇಲೆ ಬನ್ನಿ. ಸಾಕಲಾರದೆ ಹೋದರೆ ಬೀದಿಗೆ ಬಿಡಬೇಡಿ, ಎಷ್ಟು ವರ್ಷಕ್ಕಾದರೂ ಸರಿ, ನನಗೇ ತಂದುಕೊಡಿ,” ಎಂದರು. ಹಿಂದಿರುಗುವಾಗ ಅಜ್ಜಿಯು, “ಈ ಮನೆಯಿಂದ ತರಬಹುದು,” ಎಂದಷ್ಟೆ ಹೇಳಿದರು.

ಎಂಟು ವಾರವೆಂಬುದು ಆ ಉಪಾಧ್ಯಾಯಿನಿಯ ಮನಸ್ಸಿನ ಮಾತಲ್ಲ. ಮರಿಯು ಮೂರನೆಯ ವಾರದಿಂದ ಸುಮಾರು ಹನ್ನೆರಡು ವಾರದವರೆಗಿನ ಅವಧಿಯಲ್ಲಿ ಲೋಕದೊಡನೆ ಬಾಳುವುದನ್ನು ಕಲಿಯುತ್ತದೆಂದು ಪ್ರಾಣಿಶಾಸ್ತ್ರಜ್ಞರು ಕಂಡಿದ್ದಾರೆ. ಆಟದಲ್ಲಿ ಎಷ್ಟು ಬಲವಾಗಿ ಕಚ್ಚಬಹುದೆಂಬುದನ್ನು ಅದಕ್ಕೆ ಕಲಿಸುವವರು ತಾಯಿಯೂ ಒಡಹುಟ್ಟಿದವುಗಳೂ. ಬೇಗ ಅಗಲಿಸಿದ ಮರಿಯು ಮುಂದೆ ಅಂಜುಬುರುಕವೋ ಕಚ್ಚುವುದೋ ಆಗಬಹುದು. ಭಾರತ ಸರ್ಕಾರವು ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾನೂನಿನ ಅಡಿಯಲ್ಲಿ ೨೦೧೭ರಲ್ಲಿ ನಾಯಿಗಳ ತಳಿ ಬೆಳೆಸುವಿಕೆ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿತು. ಅದರಂತೆ ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಹದಿನೆಂಟು ತಿಂಗಳು ತುಂಬದ, ಅಥವಾ ಎಂಟು ವರ್ಷ ಮೀರಿದ ಹೆಣ್ಣುನಾಯಿಯಿಂದ ಮರಿ ಪಡೆಯಕೂಡದು. ಅದರ ಆಯುಸ್ಸಿನಲ್ಲಿ ಐದು ಸೂಲಿಗಿಂತ ಹೆಚ್ಚಾಗಕೂಡದು. ತಳಿ ಬೆಳೆಸಿ ಮಾರುವವರು ರಾಜ್ಯದ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ನಿಯಮಗಳು ಸೊಗಸಾಗಿವೆ. ಆದರೆ ಪ್ರತಿಯೊಂದು ಹಿತ್ತಿಲಿಗೂ ಸರ್ಕಾರವು ಕಾವಲಿಡಲಾರದು. ನೋಂದಣಿ ಪತ್ರವನ್ನು ತೋರಿಸೆಂದು ಕೇಳುವ ಗಿರಾಕಿಯೇ ಆ ನಿಯಮಕ್ಕೆ ಕಾಲು ಕೊಡಬೇಕು.

ಕೊಳ್ಳುವವರು ನೋಡಬೇಕಾದ ಸಂಗತಿಗಳು ಕಷ್ಟವಾದುವೇನೂ ಅಲ್ಲ. ಮೊದಲು ತಾಯಿಯನ್ನು, ಸಾಧ್ಯವಾದರೆ ತಂದೆಯನ್ನೂ, ಅವು ಇರುವ ಮನೆಯಲ್ಲಿಯೇ ನೋಡುವುದು. ಸ್ವಲ್ಪ ದೂರ ನಡೆಯಿಸಿ ಉಸಿರಿನ ಸದ್ದನ್ನು ಕೇಳುವುದು. ಇಂಗ್ಲೆಂಡಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರೂ ಕೆನಲ್ ಕ್ಲಬ್ಬಿನವರೂ ೨೦೧೯ರಲ್ಲಿ ಆರಂಭಿಸಿದ ಉಸಿರಿನ ಪರೀಕ್ಷೆಯಲ್ಲಿಯೂ ನಾಯಿಯನ್ನು ಮೂರು ನಿಮಿಷ ದುಡುದುಡು ನಡೆಯಿಸಿ ಎದೆಗೂ ಗಂಟಲಿಗೂ ಕಿವಿಗೊಡುವುದೇ ಮುಖ್ಯ. ಸಣ್ಣ ತಳಿಗಳಲ್ಲಿ ಹಿಂಗಾಲಿನ ಮಂಡಿಚಿಪ್ಪು ಜಾರುವ ದೋಷವು ಸಾಮಾನ್ಯ. ನಡೆಯುವಾಗ ನಡುನಡುವೆ ಒಂದು ಕಾಲನ್ನು ಎತ್ತಿಕೊಂಡು ಕುಪ್ಪಳಿಸುವ ತಾಯಿಯ ಮರಿಯನ್ನು ಪಶುವೈದ್ಯರಿಗೆ ತೋರಿಸದೆ ತರಬಾರದು. ಚಿಕ್ಕ ದವಡೆಯಲ್ಲಿ ಹಲ್ಲುಗಳು ಇಕ್ಕಟ್ಟಾಗಿರುವುದರಿಂದ ಹಾಲುಹಲ್ಲು ಬೀಳದೆ ಉಳಿಯುವುದುಂಟು, ಅದನ್ನೂ ನೋಡತಕ್ಕದ್ದು. ಮರಿಯ ಕಣ್ಣು ತಿಳಿಯಾಗಿರಬೇಕು, ಮೂಗಿನ ಹೊಳ್ಳೆ ತೆರೆದಿರಬೇಕು, ಹೊಟ್ಟೆ ಜಂತುಹುಳುವಿನಿಂದ ಉಬ್ಬಿರಬಾರದು. ಮೂಲೆಯಲ್ಲಿ ಮಂಕಾಗಿ ಕುಳಿತ ಮರಿಯನ್ನು ಕಂಡು ಅಯ್ಯೋ ಪಾಪವೆಂದು ಆರಿಸುವುದು ದಯೆಯಂತೆ ಕಂಡರೂ, ಅಂಗಡಿಯಲ್ಲಿ ಹಾಗೆ ಮಾಡಿದರೆ ಮಾರುವವನು ಅದರ ಜಾಗಕ್ಕೆ ಅಂಥದೇ ಇನ್ನೊಂದನ್ನು ತಂದಿಡುವನು.

ಮರಿ ಮನೆಗೆ ಬಂದಮೇಲೆ ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳಿಗೆ ಚುಚ್ಚುಮದ್ದು ಆರೆಂಟು ವಾರದಿಂದ ಆರಂಭವಾಗಿ ಸುಮಾರು ಹದಿನಾರು ವಾರದವರೆಗೆ ಕ್ರಮವಾಗಿ ಆಗಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ತಪ್ಪಕೂಡದು. ಇದು ನಾಯಿಯ ರಕ್ಷಣೆ ಮಾತ್ರವಲ್ಲ, ಮನೆಯ ಮಕ್ಕಳ ರಕ್ಷಣೆಯೂ ಹೌದು. ಇನ್ನು ಈಗಾಗಲೇ ಮೋಟು ಮೂತಿಯ ನಾಯಿಯನ್ನು ಸಾಕಿಕೊಂಡವರು ಅದನ್ನು ಹೀಗಳೆಯಬೇಕಾಗಿಲ್ಲ. ಅದರ ಮೈ ಹೆಚ್ಚದಂತೆ ಆಹಾರವನ್ನು ಮಿತಗೊಳಿಸಿ, ಬೆಳಗಿನ ತಂಪಿನಲ್ಲಿ ಮಾತ್ರ ನಡೆಯಿಸಿ, ಕುತ್ತಿಗೆಗೆ ಪಟ್ಟಿ ಬಿಗಿಯದೆ ಎದೆಗೆ ಕಟ್ಟುವ ಪಟ್ಟಿಯನ್ನು ಹಾಕಿ, ಬೇಸಗೆಯಲ್ಲಿ ತಂಪಾದ ಕೋಣೆಯಲ್ಲಿ ಇಟ್ಟುಕೊಂಡರೆ ಅದು ಸುಖವಾಗಿ ಬಾಳಬಹುದು. ಅದರಿಂದ ಮರಿ ಪಡೆಯುವ ಆಸೆಯನ್ನು ಬಿಟ್ಟರೆ ಸಾಕು.

ತಳಿಯೇ ಬೇಕೆಂಬ ಹಟವಿಲ್ಲದ ಮನೆಗೆ ಬೀದಿಯ ಮರಿಯಿದೆ. ಅದರ ಕುಲವನ್ನು ಯಾರೂ ಬರೆದಿಡಲಿಲ್ಲ. ಆದರೆ ಬಿಸಿಲು, ಮಳೆ, ಹಸಿವುಗಳು ತಲೆತಲಾಂತರದಿಂದ ಅದರ ಪೂರ್ವಿಕರನ್ನು ಪರೀಕ್ಷೆ ಮಾಡುತ್ತ ಬಂದಿವೆ. ಉಸಿರಾಡಲಾರದುದು ಆ ಪರೀಕ್ಷೆಯಲ್ಲಿ ಉಳಿಯಲಿಲ್ಲ. ಆತಕೂರಿನ ಕಾಳಿಗಿದ್ದ ಒರೆಗಲ್ಲು ಇಂದಿಗೂ ಉಳಿದಿರುವುದು ಇಂಥ ಕಡೆಯಲ್ಲಿಯೇ.

ತಳಿ ಬೆಳೆಸುವವರ ಯೋಗ್ಯತೆಯನ್ನು ಅಳೆಯುವುದಕ್ಕೆ ಕಾಗದಗಳಿಗಿಂತ ನಿಶ್ಚಿತವಾದ ಒಂದು ಪ್ರಶ್ನೆಯುಂಟು. ಹೆಣ್ಣುನಾಯಿಯು ನಾಲ್ಕೈದು ಸೂಲು ಮರಿ ಹಾಕಿ, ಎಂಟು ವರ್ಷ ತುಂಬಿ, ಮೈ ಸೋತು, ಮೊಲೆಗಳು ಜೋತುಬಿದ್ದ ಮೇಲೆ ಅದು ಎಲ್ಲಿರುತ್ತದೆ ಎಂದು ಕೇಳಬೇಕು. ಕೆಲವರು ಈ ಪ್ರಶ್ನೆಗೆ ಸುಮ್ಮನಾಗುವರು, ಅಥವಾ ಮಾತನ್ನು ಬೇರೆ ಕಡೆಗೆ ತಿರುಗಿಸುವರು. ಇನ್ನು ಕೆಲವರು ಉತ್ತರ ಹೇಳದೆ ಒಳಕ್ಕೆ ಕರೆದುಕೊಂಡು ಹೋಗಿ, ಹಜಾರದ ಮೂಲೆಯಲ್ಲಿ ಹಳೆಯ ಕಂಬಳಿಯ ಮೇಲೆ ಮಲಗಿರುವ ಮುದಿ ನಾಯಿಯನ್ನು ತೋರಿಸುವರು. ಮರಿಯನ್ನು ಅಂಥವರ ಕೈಯಿಂದ ತೆಗೆದುಕೊಳ್ಳಬಹುದು.